ನೀರು ತಿರುಗುವ ಮೊದಲು

ಆ ಮನುಷ್ಯನಿಗೆ ಸಮುದ್ರ ಕಂಡರೆ ಹೆದರಿಕೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಅವನು ತಾನಾಗಿ ಬಾಯಿ ಬಿಡುವವನಲ್ಲ. ಬೀಗ ರಿಪೇರಿ ಮಾಡುವುದು, ಕೀಲಿಕೈ ಕೊರೆದುಕೊಡುವುದು ಅವನ ಕಸುಬು. ಐವತ್ತರ ಹತ್ತಿರದ ವಯಸ್ಸು, ದಪ್ಪ ಮೀಸೆ, ಮೀಸೆಗೆ ತಕ್ಕ ಗತ್ತು. ಹುಟ್ಟಿ ಬೆಳೆದದ್ದು ಒಂದು ದೊಡ್ಡ ಕೆರೆಯ ದಡದ ಊರಿನಲ್ಲಿ. ಆ ಕೆರೆಯಲ್ಲಿ ಬಾಸ್ ಎಂಬ ಜಾತಿಯ ಮೀನಿತ್ತು. ಹಸಿರು ಬೆನ್ನಿನ, ಅಗಲ ಬಾಯಿಯ, ಮುಳುಗಿದ ಮರದ ಬೊಡ್ಡೆಗಳ ಕೆಳಗೆ ಹೊಂಚು ಹಾಕಿ ಕೂರುವ ಮಹಾ ಜಾಣ ಮೀನು. ಅದನ್ನು ಗಾಳಕ್ಕೆ ಬೀಳಿಸುವುದರಲ್ಲಿ ಇವನನ್ನು ಮೀರಿಸಿದವರು ಯಾರೂ ಇರಲಿಲ್ಲ. ಹಾಗಾಗಿ ಊರವರು ಇವನನ್ನೇ ‘ಬಾಸ್’ ಎಂದು ಕರೆಯತೊಡಗಿದರು. ಪರಸ್ಥಳದವರು ಇವನ್ಯಾರೋ ದೊಡ್ಡ ಸಾಹೇಬನಿರಬೇಕು ಎಂದುಕೊಂಡು ಕೈ ಮುಗಿದರೆ ಇವನೂ ಗಂಭೀರವಾಗಿ ತಲೆಯಾಡಿಸುತ್ತಿದ್ದ.

ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ಅವಳಿಗೆ ಸಮುದ್ರದ ಪಕ್ಕದ ಊರಿಗೆ ವರ್ಗವಾಯಿತು. ಬೀಗದವನಿಗೆ ಬೀಗ ಎಲ್ಲಾದರೂ ಸಿಗುತ್ತದೆ ಎಂದು ಇಬ್ಬರೂ ಗಂಟುಮೂಟೆ ಕಟ್ಟಿದರು. ಬಾಡಿಗೆಗೆ ಸಿಕ್ಕಿದ್ದು ಒಂದು ಐಸ್ ಕಾರ್ಖಾನೆಯ ಮೇಲಿನ ಎರಡು ಕೋಣೆ. ಕೆಳಗೆ ಯಂತ್ರ ಓಡುವಾಗ ಮೇಲೆ ಗೂಡಿನಲ್ಲಿಟ್ಟ ಲೋಟಗಳು ಸಣ್ಣಗೆ ಕಿಣಿಕಿಣಿ ಎನ್ನುತ್ತಿದ್ದವು. ಬಂದ ದಿನ ಸಾಮಾನು ಇಳಿಸಿ, ಬೆವರು ಒರೆಸಿಕೊಂಡು, ಗಾಳಿಗಾಗಿ ಕಿಟಕಿ ತೆರೆದ. ಎದುರಿಗೆ ನೀರು. ಅದರಾಚೆ ನೀರು. ಅದರಾಚೆ ಏನೂ ಇಲ್ಲ. ಕೆರೆಗೆ ಎಷ್ಟಾದರೂ ಆಚೆ ದಡ ಎಂಬುದೊಂದು ಇರುತ್ತದೆ, ಅಲ್ಲೊಂದು ಮರ, ಒಂದು ಎಮ್ಮೆ, ಬಟ್ಟೆ ಒಗೆಯುವವರು ಕಾಣುತ್ತಾರೆ. ಇಲ್ಲಿ ಕಣ್ಣಿಗೆ ಹಿಡಿದುಕೊಳ್ಳಲು ಏನೂ ಇರಲಿಲ್ಲ. ಕಿಟಕಿ ಮುಚ್ಚಿ ಪರದೆ ಎಳೆದ.

“ಯಾಕ್ರೀ, ಸೆಖೆ ಅಲ್ವಾ?” ಎಂದಳು ಹೆಂಡತಿ.

“ಬಿಸಿಲು ಕಣ್ಣಿಗೆ ಹೊಡೆಯುತ್ತೆ,” ಎಂದ. ಬಿಸಿಲು ಮನೆಯ ಹಿಂಬದಿಯಲ್ಲಿತ್ತು. ಅವಳು ಅದನ್ನು ನೋಡಿದಳು, ಪಾತ್ರೆ ಜೋಡಿಸಲು ಹೋದಳು.

ಮಾರ್ಕೆಟ್ಟಿನ ಮೆಟ್ಟಿಲ ಕೆಳಗೆ ಒಂದು ಗೂಡಂಗಡಿ ಹಿಡಿದ. ಕೆಲಸಕ್ಕೇನೂ ಬರವಿಲ್ಲ, ಈ ಊರಿನ ಬೀಗಗಳೆಲ್ಲ ರೋಗಿಷ್ಟ. ಬಿಚ್ಚಿದರೆ ಒಳಗೆ ಹಸಿರು ಕಿಲುಬು, ಸ್ಪ್ರಿಂಗು ಮುಟ್ಟಿದರೆ ಪುಡಿ. ತಂದವರನ್ನು ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: “ಉಪ್ಪುಗಾಳಿ ಅಣ್ಣ.” ಗಾಳಿಯೇ ಕಬ್ಬಿಣವನ್ನು ಈ ಥರ ತಿಂದರೆ ಆ ನೀರು ಮನುಷ್ಯನನ್ನು ಬಿಟ್ಟೀತೇ ಎಂದು ಅವನು ಒಳಗೊಳಗೇ ಲೆಕ್ಕ ಹಾಕುತ್ತಿದ್ದ. ಸಂಜೆ ಮನೆಗೆ ಹೋಗುವಾಗ ಧಕ್ಕೆಯ ದಾರಿ ಬಿಟ್ಟು, ದೋಣಿಗಳು ಬಂದು ನಿಲ್ಲುವ ಆ ಕಟ್ಟೆಯ ಕಡೆ ತಿರುಗಿಯೂ ನೋಡದೆ, ಹಿಂದಿನ ಗಲ್ಲಿಯಲ್ಲಿ ಸುತ್ತಿ ಬರುತ್ತಿದ್ದ.

ಆದರೆ ಗಾಳದ ಚಟ ಇದೆಯಲ್ಲ, ಅದು ಸುಮ್ಮನೆ ಕೂರಲು ಬಿಡುವುದಿಲ್ಲ. ಮೂಲೆಯಲ್ಲಿ ನಿಲ್ಲಿಸಿದ್ದ ಗಾಳದ ಕೋಲನ್ನು ಆಗಾಗ ಎತ್ತಿ ಒರೆಸುವುದು, ರೀಲು ತಿರುಗಿಸಿ ಅದರ ಟಿಕ್‌ಟಿಕ್ ಕೇಳುವುದು, ಮತ್ತೆ ಇಡುವುದು. ಒಂದು ದಿನ ಹಾಗೆ ಒರೆಸುತ್ತಿದ್ದಾಗ ಬಾಡಿಗೆ ಕೇಳಲು ಬಂದ ಮನೆಯೊಡತಿ ಬಾಗಿಲಲ್ಲೇ ನಿಂತು ನೋಡಿದಳು. ಐಸ್ ಕಾರ್ಖಾನೆ ನಡೆಸುವವಳು ಅವಳೇ. ಗಂಡಾಳಿನಂಥ ಭುಜ, ಮೊಣಕಾಲಿನವರೆಗೆ ರಬ್ಬರ್ ಬೂಟು, ಊರಿಗೆಲ್ಲ ‘ಐಸ್ ಅಕ್ಕ’. ಕೆಲಸ ಶುರುವಾಗುವ ಮೊದಲು ದಿನಾ ಧಕ್ಕೆಯಲ್ಲಿ ಗಾಳ ಹಾಕುವುದು ಅವಳ ರೂಢಿ.

“ಬೀಗದಣ್ಣ, ಇಷ್ಟು ಚೆಂದದ ಕೋಲು ಇಟ್ಕೊಂಡು ಒಳಗೆ ಕೂತಿದ್ದೀರಲ್ಲ! ಕೆರೆ ಮೀನು ಹಿಡಿದವರಿಗೆ ಇದೇನು ಮಹಾ? ನಾಳೆ ಬೆಳಿಗ್ಗೆ ಬನ್ನಿ.”

ಹೆಂಡತಿ ಅಡುಗೆಮನೆಯಿಂದ ಇಣುಕಿದಳು. ಎರಡು ಹೆಂಗಸರ ಮುಂದೆ ‘ನನಗೆ ಭಯ’ ಎನ್ನಲು ಅವನ ಮೀಸೆ ಬಿಡಲಿಲ್ಲ. “ಅದಕ್ಕೇನಕ್ಕ, ಬರ್ತೀನಿ,” ಎಂದುಬಿಟ್ಟ.

ಹೀಗೆ ಶುರುವಾಯಿತು ಅವನ ಉಪ್ಪುನೀರಿನ ಪಾಠ. ಐಸ್ ಅಕ್ಕ ಒಳ್ಳೆಯ ಗುರುವೇನಲ್ಲ. ಅರ್ಧ ಮಾತು ಬಾಯಲ್ಲಿ, ಇನ್ನರ್ಧ ಹೊಟ್ಟೆಯಲ್ಲಿ. ತನಗೆ ಗೊತ್ತಿರುವುದು ಜಗತ್ತಿಗೆಲ್ಲ ಗೊತ್ತಿದೆ ಎಂಬ ಧಾಟಿ. ಮನೆಗೆ ಬಂದ ಕೂಡಲೇ ರೀಲನ್ನು ಸಿಹಿನೀರಲ್ಲಿ ತೊಳೆಯಿರಿ ಎಂದಳು, ಯಾಕೆಂದು ಹೇಳಲಿಲ್ಲ. ಅದು ಬೀಗದವನಿಗೆ ಹೇಳದೆಯೂ ತಿಳಿಯಿತು. ದಾರದ ತುದಿಗೆ ದಪ್ಪನೆಯ ದಾರ ಕಟ್ಟಿ, ಇಲ್ಲಿನ ಮೀನಿಗೆ ಹಲ್ಲಿದೆ ಎಂದಳು. ನೀರಿಗಿಳಿದರೆ ಪಾದ ಎತ್ತಿಡಬೇಡಿ, ಎಳೆದುಕೊಂಡು ನಡೀರಿ, ಮರಳಿನಲ್ಲಿ ಬಾಲದಲ್ಲಿ ಮುಳ್ಳಿರುವ ಮೀನು ಮಲಗಿರುತ್ತೆ ಎಂದಳು. ಅಂದಿನಿಂದ ಅವನಿಗೆ ಗಟ್ಟಿ ನೆಲದ ಮೇಲೂ ಪಾದ ಎತ್ತಲು ಅಳುಕು. ಎಲ್ಲದಕ್ಕೂ “ಗೊತ್ತು ಗೊತ್ತು” ಎನ್ನುತ್ತಿದ್ದ. ಗೊತ್ತಿಲ್ಲ ಎಂದರೆ ಭಯ ಹೊರಬಿದ್ದೀತು ಎಂಬ ಇನ್ನೊಂದು ಭಯ.

ಧಕ್ಕೆಯ ಅಂಚಿನಲ್ಲಿ ನಿಂತಾಗ ಅವನು ನೀರನ್ನು ನೋಡುತ್ತಲೇ ಇರಲಿಲ್ಲ. ಕೋಲಿನ ತುದಿಗೆ ಕಣ್ಣು ನೆಟ್ಟು ಜೀವ ಬಿಗಿಹಿಡಿದು ನಿಲ್ಲುತ್ತಿದ್ದ. ಧಕ್ಕೆಯ ಮೆಟ್ಟಿಲುಗಳು ಒಂದು ದಿನ ಬರಿದಾಗಿರುತ್ತಿದ್ದವು, ಇನ್ನೊಂದು ದಿನ ಮುಳುಗಿರುತ್ತಿದ್ದವು. ಕೆರೆಗೆ ಕಾಲುವೆಯಿಂದ ನೀರು ಬಿಡುತ್ತಾರಲ್ಲ, ಇಲ್ಲೂ ಎಲ್ಲೋ ಯಾರೋ ಬಿಡುತ್ತಿರಬೇಕು ಎಂದುಕೊಂಡ. ಉಬ್ಬರ, ಇಳಿತ ಎಂಬುದನ್ನು ಶಾಲೆಯಲ್ಲಿ ಓದಿದ್ದನೆನ್ನಿ. ಅದು ಹುಣ್ಣಿಮೆಗೊಮ್ಮೆ ಅಲೆ ಜೋರಾಗುವ ಸಂಗತಿ ಎಂದು ಅವನ ತಲೆಯಲ್ಲಿ ಕೂತಿತ್ತು. ಮೀನಂತೂ ಒಂದೂ ಬೀಳಲಿಲ್ಲ. ಐಸ್ ಅಕ್ಕ ಎರವಲು ಕೊಟ್ಟಿದ್ದ ನೀಲಿ ಐಸ್ ಪೆಟ್ಟಿಗೆ ಖಾಲಿ ಹೋಗಿ ಖಾಲಿ ಬರುತ್ತಿತ್ತು. ಮನೆಯಲ್ಲಿ ಮಾತ್ರ ಬಡಾಯಿ: “ಸಮುದ್ರ ಅಂದ್ರೆ ಇನ್ನೇನು, ಉಪ್ಪು ಹಾಕಿದ ಕೆರೆ!”

“ಹೌದಾ? ಹಾಗಾದ್ರೆ ಭಾನುವಾರ ನಾನೂ ಬರ್ತೀನಿ,” ಎಂದಳು ಹೆಂಡತಿ. ಅವಳಿಗೆ ಈಜು ಬಾರದು. ನಲ್ಲಿಯ ನೀರು ಬಿಟ್ಟರೆ ಬೇರೆ ನೀರಿಗೆ ಇಳಿದವಳಲ್ಲ. ಕೆರೆಗೂ ಅವನ ಜೊತೆ ಹೋಗುತ್ತಿದ್ದಳು, ದಡದಲ್ಲಿ ಕೂತು ಸ್ವೆಟರ್ ಹೆಣೆಯುತ್ತಿದ್ದಳು.

ಇನ್ನು ಆ ಭಾನುವಾರದ ಮಾತು. ಬೆಳಿಗ್ಗೆ ಐಸ್ ಅಕ್ಕ ಲಾರಿಗೆ ಐಸ್ ತುಂಬಿಸುತ್ತಿದ್ದಳು. ಇವರಿಬ್ಬರನ್ನು ನೋಡಿ, ಕೊಕ್ಕೆಯಿಂದ ಐಸ್ ಗಡ್ಡೆ ಎಳೆಯುತ್ತಲೇ ಕೂಗಿದಳು: “ಇವತ್ತು ನೀರು ಚೆನ್ನಾಗಿ ಇಳಿದಿದೆ. ಅಳಿವೆ ಬಾಯಲ್ಲಿ ಮರಳ ದಿಬ್ಬ ಎದ್ದಿರುತ್ತೆ, ಅಲ್ಲಿಗೇ ನಡೆದು ಹೋಗಿ. ಮೀನು ಅಲ್ಲೇ ಇರೋದು. ನೀರು ತಿರುಗೋ ಮೊದಲು ಎದ್ದು ಬಂದುಬಿಡಿ, ಅಷ್ಟೇ!”

“ಅಷ್ಟೂ ಗೊತ್ತಿಲ್ವಾ ಅಕ್ಕ, ನೀರಲ್ಲೇ ಬೆಳೆದವನು ನಾನು!”

‘ನೀರು ತಿರುಗುವುದು’ ಎಂಬ ಮಾತಿನ ಅರ್ಥ ಅವನಿಗೆ ನಿಜಕ್ಕೂ ಗೊತ್ತಿತ್ತು. ಅನರ್ಥವಾದದ್ದೂ ಅದರಿಂದಲೇ. ಅವನ ಕೆರೆಯಲ್ಲಿ ಬಿಸಿಲುಗಾಲ ಮುಗಿದು ತಣ್ಣನೆ ಗಾಳಿ ಬೀಸಿದಾಗ ತಳದ ನೀರು ಮೇಲೆ ಬರುತ್ತದೆ. ಹಸಿರು ನೀರು ಚಹಾದ ಬಣ್ಣಕ್ಕೆ ಬದಲಾಗುತ್ತದೆ, ಕೊಳೆತ ವಾಸನೆ ಬರುತ್ತದೆ, ಮೀನು ಬಾಯಿ ಮುಚ್ಚಿಕೊಳ್ಳುತ್ತದೆ. ಅದಕ್ಕೆ ಅಲ್ಲಿನವರು ‘ನೀರು ತಿರುಗಿತು’ ಎನ್ನುತ್ತಾರೆ. ಗಾಳ ಸುತ್ತಿಕೊಂಡು ಮನೆಗೆ ಹೋಗಬೇಕು, ಇನ್ನು ಮೀನು ಕಚ್ಚುವುದಿಲ್ಲ ಎಂದಷ್ಟೇ ಅದರ ಅರ್ಥ. ಹಾಗಾಗಿ ಬೀಗದವನು ಬಣ್ಣದ ಮೇಲೆ ಒಂದು ಕಣ್ಣಿಟ್ಟರಾಯಿತು ಎಂದು ನಿರಾಳವಾಗಿ ಹೊರಟ.

ದಿಬ್ಬಕ್ಕೂ ದಡಕ್ಕೂ ನಡುವೆ ಹರಿಯುತ್ತಿದ್ದ ನೀರು ಪಾದ ಮುಳುಗುವಷ್ಟಿತ್ತು, ನಡುವಿನಲ್ಲಿ ಮಾತ್ರ ಮೀನಖಂಡದವರೆಗೆ. ಹೆಂಡತಿ ಒಂದು ಕೈಯಲ್ಲಿ ಸೀರೆ, ಒಂದು ಕೈಯಲ್ಲಿ ಚಪ್ಪಲಿ ಹಿಡಿದು ದಾಟಿದಳು. “ಭಯ ಏನಿಲ್ಲ ತಾನೇ?” ಎಂದಳು. “ನಾನಿಲ್ವಾ?” ಎಂದ. ದಿಬ್ಬದ ಮೇಲೆ ನಿಂತು ಸುತ್ತ ನೋಡಿದರೆ, ಹೊಳೆ ಸಮುದ್ರ ಸೇರುವ ಆ ಅಳಿವೆಯ ನೀರು ತಟ್ಟೆಯಲ್ಲಿಟ್ಟಂತೆ ಅಲುಗದೆ ನಿಂತಿತ್ತು. ಅಲೆಯಿಲ್ಲ, ಸದ್ದಿಲ್ಲ, ಎದುರಿಗೆ ಆಚೆ ದಡ ಕೂಡ ಕಾಣುತ್ತಿತ್ತು. ಅಯ್ಯೋ, ಇದು ನನ್ನ ಕೆರೆಯೇ ಎನಿಸಿತು. ಈ ಊರಿಗೆ ಬಂದ ಮೇಲೆ ಅವನ ಎದೆಯ ಬಿಗಿತ ಸಡಿಲವಾದದ್ದು ಅದೇ ಮೊದಲು. ಹೆದರಲೇಬೇಕಾದ ಒಂದು ಹೊತ್ತು ಬಂದಾಗ ಪುಣ್ಯಾತ್ಮ ಹೆದರುವುದನ್ನು ಬಿಟ್ಟ.

ಹೆಂಡತಿ ಚಪ್ಪಲಿಯನ್ನು ದಿಬ್ಬದಲ್ಲೇ ದಡದ ಕಡೆಯ ನೀರಿನಂಚಿಗೆ ಬಿಟ್ಟು, ಪೆಟ್ಟಿಗೆಯ ಮೇಲೆ ಕೂತು ಹೆಣಿಗೆ ತೆಗೆದಳು. ಅವನು ಸಮುದ್ರದ ಕಡೆಗೆ ಮುಖ ಮಾಡಿ, ದಿಬ್ಬ ಆಳಕ್ಕೆ ಜಾರುವ ಅಂಚಿಗೆ ಗಾಳಕ್ಕೆ ಸಿಕ್ಕಿಸಿದ ತನ್ನ ಹಳೆಯ ರಬ್ಬರ್ ಹುಳುವನ್ನು ಎಸೆದ. ಎಸೆದ, ಎಳೆದ; ಎಸೆದ, ಎಳೆದ. ಏನೂ ಇಲ್ಲ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಯಾರೋ ಬಾಗಿಲು ಒದ್ದಂತೆ ಕೋಲಿಗೆ ಹೊಡೆತ ಬಿತ್ತು.

ಕೆರೆಯ ಬಾಸ್ ಮೊದಲು ಮೆಲ್ಲಗೆ ತಟ್ಟಿ ನೋಡುತ್ತದೆ. ಇದು ತಟ್ಟಲಿಲ್ಲ, ಹೊತ್ತುಕೊಂಡೇ ಓಡಿತು. ರೀಲು ಕಿರುಚಿತು. ಅವನು ಹಿಂದೆ ವಾಲಿ, ಮುಂದೆ ಜಗ್ಗಿ, ಹಲ್ಲು ಕಚ್ಚಿ, ಕೊನೆಗೆ ಮೊಳಕೈಯುದ್ದದ ಬೆಳ್ಳಿ ಮೀನೊಂದನ್ನು ಮರಳಿಗೆ ಎಳೆದು ಹಾಕಿದ. ಹೆಸರೇನೋ ಗೊತ್ತಿಲ್ಲ, ಕುಣಿದಾಡಿಬಿಟ್ಟ. “ನೋಡಿದ್ಯೇನೇ! ನೋಡಿದ್ಯಾ!” ಹೆಂಡತಿ ಎದ್ದು ಪೆಟ್ಟಿಗೆ ತೆರೆದುಕೊಟ್ಟಳು. ಮೀನು ಐಸಿನ ಮೇಲೆ ಪಟಪಟ ಬಡಿದುಕೊಂಡಿತು. ಎರಡನೇ ಸಲ ಎಸೆದ ಕೂಡಲೇ ಇನ್ನೊಂದು ಹೊಡೆತ.

“ರೀ,” ಎಂದಳು ಹೆಂಡತಿ. “ದಿಬ್ಬ ಮೊದಲು ಇಷ್ಟೇ ಇತ್ತಾ?”

“ಹೂಂ.”

“ಐಸ್ ಅಕ್ಕ ಹೇಳಿದ್ರಲ್ಲ, ನೀರು ತಿರುಗೋದು ಅಂತ. ತಿರುಗಿತಾ ಏನು?”

ಅವನು ಮುಂದಿನ ನೀರನ್ನು ನೋಡಿದ. ತಿಳಿ ಹಸಿರು. ವಾಸನೆಯೂ ಇಲ್ಲ. “ಇಲ್ವೇ, ಬಣ್ಣ ಹಾಗೇ ಇದೆ. ತಿರುಗಿದ್ರೆ ಮೀನು ಈ ಥರ ಕಚ್ಚುತ್ತಾ?” ಎಂದ. ನೀರು ತಿರುಗಿದ್ದಕ್ಕೇ ಅವು ಕಚ್ಚುತ್ತಿದ್ದವು, ಏರುವ ನೀರಿನ ಜೊತೆ ಮೇಯಲು ಒಳಗೆ ಬರುತ್ತಿದ್ದವು ಎಂಬುದು ಅವನಿಗೆ ಹೇಗೆ ತಿಳಿಯಬೇಕು?

“ರೀ,” ಎಂದಳು ಮತ್ತೆ. ಈ ಸಲ ಅವಳ ದನಿ ಬೇರೆಯಾಗಿತ್ತು. “ನನ್ನ ಚಪ್ಪಲಿ.”

ಅವನು ತಿರುಗಿ ನೋಡಿದ. ದಾಟಿ ಬಂದ ಜಾಗದಲ್ಲಿ ಈಗ ಅಗಲವಾದ, ಕಪ್ಪನೆಯ ನೀರು ಸದ್ದಿಲ್ಲದೆ ಹರಿಯುತ್ತಿತ್ತು. ಅವರ ಹೆಜ್ಜೆಗುರುತುಗಳಿದ್ದ ಮರಳು ಇರಲಿಲ್ಲ. ಒಂದು ಚಪ್ಪಲಿ ಅವಳ ಕೈಯಲ್ಲಿತ್ತು, ಇನ್ನೊಂದು ನೀರಿನ ಮೇಲೆ ತೇಲಿ ಹೋಗುತ್ತಿತ್ತು. ಕೋಲು ಅವನ ಕೈಯಿಂದ ಜಾರಿ ಬಿತ್ತು. ಓಡಿಹೋಗಿ ನೀರಿಗೆ ಕಾಲಿಟ್ಟ. ಮೊಣಕಾಲು. ಇನ್ನೊಂದು ಹೆಜ್ಜೆಗೆ ಸೊಂಟ. ಮತ್ತೊಂದು ಹೆಜ್ಜೆಗೆ ನೆಲವೇ ಇರಲಿಲ್ಲ, ನೀರು ಅವನನ್ನು ಪಕ್ಕಕ್ಕೆ ಎಳೆಯಿತು. ಹೇಗೋ ತಿರುಗಿ, ತೆವಳಿ ದಿಬ್ಬಕ್ಕೆ ಬಂದ.

ಅವನಿಗೆ ಈಜು ಬರುತ್ತಿತ್ತು. ಭಯ ತನ್ನ ಬಗ್ಗೆ ಇರಲಿಲ್ಲ, ಅಥವಾ ಅಷ್ಟಾಗಿ ಇರಲಿಲ್ಲ. ಇವಳಿಗೆ ಬರುವುದಿಲ್ಲ. ‘ನಾನಿಲ್ವಾ’ ಎಂದು ಧೈರ್ಯ ಹೇಳಿ ಕರೆತಂದವನು ತಾನು. ದಿಬ್ಬ ಈಗ ಒಂದು ಕೋಣೆಯಷ್ಟಾಗಿತ್ತು. ಅವನು ಧಕ್ಕೆಯ ಕಡೆಗೆ ಕೂಗಿದ. ಮತ್ತೆ ಕೂಗಿದ. ದೂರದಲ್ಲಿ ಲಾರಿಯ ಎಂಜಿನ್ ಸದ್ದು, ಅಷ್ಟೇ. ನೀರು ಸದ್ದಿಲ್ಲದೆ ಇನ್ನೊಂದು ಗೇಣು ಮರಳನ್ನು ನುಂಗಿತು.

“ನನ್ನ ಕುತ್ತಿಗೆ ಹಿಡ್ಕೋ. ಗಟ್ಟಿಯಾಗಿ. ನೇರ ದಡಕ್ಕೆ ಈಜ್ತೀನಿ,” ಎಂದ. ಕೆರೆಯಲ್ಲಿ ಹಾಗೆಯೇ, ಹತ್ತಿರದ ದಡ ನೋಡಿ ನೇರ ಈಜುವುದು.

“ನಿಲ್ಲಿ,” ಎಂದಳು ಅವಳು. ರೋಗಿಯ ಮನೆಯವರು ಕೂಗಾಡುವಾಗ ವಾರ್ಡಿನಲ್ಲಿ ಬರುವ ದನಿ ಅದು. ಮುಖ ಸುಣ್ಣದಂತೆ ಬಿಳಿಚಿಕೊಂಡಿತ್ತು, ದನಿ ಮಾತ್ರ ಅಲುಗಲಿಲ್ಲ. “ಚಪ್ಪಲಿ ನೋಡಿ.”

“ಚಪ್ಪಲಿ ಹಾಳಾಗಿ ಹೋಗ್ಲಿ ಕಣೇ!”

“ಹೋಗ್ತಾ ಇರೋದು ಎಲ್ಲಿಗೆ ಅಂತ ನೋಡ್ರೀ. ಸಮುದ್ರಕ್ಕಲ್ಲ. ಊರ ಕಡೆಗೆ.”

ಅವನು ನೋಡಿದ. ಸಣ್ಣ ಕಂದು ಚಪ್ಪಲಿ ಆಗಲೇ ಬಹಳ ದೂರ, ಧಕ್ಕೆಯ ದಿಕ್ಕಿಗೆ, ಯಾರೋ ಹಾಕಿಕೊಂಡು ನಡೆಯುತ್ತಿರುವಂತೆ ಹೋಗುತ್ತಿತ್ತು. ದೋಣಿಗಳನ್ನು ಎಳೆದಿಡುವ ಕೆಸರಿನ ತಿರುವಿನಲ್ಲಿ ಹೋಗಿ ನಿಂತಿತು.

ಆಮೇಲೆ ಅವನ ಕೈಗೆ ಬುದ್ಧಿ ಬಂತು: ಈಜಬೇಕಿಲ್ಲ, ತೇಲಿದರೆ ನೀರೇ ಊರ ಕಡೆಗೆ ಒಯ್ಯುತ್ತದೆ. ಪೆಟ್ಟಿಗೆಯ ಮುಚ್ಚಳ ತೆರೆದ. ಒಳಗೆ ಬೆಳ್ಳಿ ಮೀನು ಇನ್ನೂ ಕಿವಿರು ಬಡಿಯುತ್ತಿತ್ತು. ಈ ಊರಿನಲ್ಲಿ ಅವನ ಮೊದಲ ಮೀನು. ಒಮ್ಮೆ ನೋಡಲೂ ಇಲ್ಲ, ಐಸಿನ ಸಮೇತ ನೀರಿಗೆ ಸುರಿದ. ಮುಚ್ಚಳ ಒತ್ತಿ ಎರಡೂ ಕೊಂಡಿ ಹಾಕಿ, ಹಾಕಿದ್ದು ಕೂತಿದೆಯೇ ಎಂದು ಬೆರಳಿನಿಂದ ತಡವಿ ನೋಡಿದ, ಬೀಗದವನಲ್ಲವೇ. ಸೊಂಟದ ಬೆಲ್ಟು ಬಿಚ್ಚಿ ಪೆಟ್ಟಿಗೆಯ ಹಗ್ಗದ ಹಿಡಿಗೆ ತೂರಿಸಿ ಅವಳ ಮಣಿಕಟ್ಟಿಗೆ ಸುತ್ತಿದ. “ಎದೆ ಇದರ ಮೇಲೆ ಹಾಕು. ಬಿಡಬೇಡ. ಏನೇ ಆದ್ರೂ ಬಿಡಬೇಡ.” ಇನ್ನೊಂದು ಬದಿಯ ಹಗ್ಗವನ್ನು ತಾನು ಹಿಡಿದುಕೊಂಡ. ನೀರು ಅವರ ಮೊಣಕಾಲಿಗೆ ಬಂದಿತ್ತು. ಕಾಲ ಕೆಳಗಿನ ಮರಳು ಜಾರುತ್ತಿತ್ತು. ಇಬ್ಬರೂ ನೀರಿಗೆ ಒರಗಿದರು.

ನೀರು ಎತ್ತಿಕೊಂಡಿತು. ಅವಳು ಒಮ್ಮೆ ಕಿರುಚಿ ಬಾಯಿ ಮುಚ್ಚಿದಳು. ಪೆಟ್ಟಿಗೆ ವಾಲಿ, ಒಂದು ಪೂರ್ತಿ ಸುತ್ತು ತಿರುಗಿ, ನೆಟ್ಟಗಾಯಿತು. ಅವಳ ಮುಖಕ್ಕೆ ನೀರು ರಾಚಿತು, ಅವಳು ಕೆಮ್ಮಿದಳು. ಕೆಮ್ಮು ನಿಲ್ಲುವವರೆಗೆ ಅವನಲ್ಲಿ ಜೀವವಿರಲಿಲ್ಲ. ಕಾಲ ಕೆಳಗೆ ಏನೂ ಇಲ್ಲ. ಆ ‘ಏನೂ ಇಲ್ಲ’ ಎಂಬುದು ಬಂದ ದಿನ ಕಿಟಕಿಯಲ್ಲಿ ಕಂಡದ್ದೇ, ಈಗ ಪಾದಕ್ಕೆ ತಾಗುತ್ತಿತ್ತು. ಹಿಂದೆ ದಿಬ್ಬ ಇರಲಿಲ್ಲ.

“ನನಗೆ ಹೆದರಿಕೆ ಆಗ್ತಿದೆ ಕಣೇ,” ಎಂದ. ಮದುವೆಯಾದಾಗಿನಿಂದ ಇಂಥ ಮಾತು ಅವನ ಬಾಯಿಂದ ಬಂದಿರಲಿಲ್ಲ. “ತುಂಬಾ ಹೆದರಿಕೆ ಆಗ್ತಿದೆ.”

“ನನಗೂ,” ಎಂದಳು, ಹಲ್ಲು ಕಟಕಟಿಸುತ್ತಾ. “ಕಾಲು ಆಡಿಸಿ. ಮಾತಾಡ್ತಾ ಇರಿ.”

ಅವನು ಕಾಲು ಆಡಿಸಿದ. ಬಾಯಿಗೆ ಬಂದದ್ದನ್ನೆಲ್ಲ ಮಾತಾಡಿದ. ಬಂದ ದಿನದ ಕಿಟಕಿ, ಹಿಂದಿನ ಗಲ್ಲಿ, ಧಕ್ಕೆಯಲ್ಲಿ ನೀರು ನೋಡದೆ ನಿಲ್ಲುತ್ತಿದ್ದದ್ದು, ಎಲ್ಲ. ಮಾತು ಮುಗಿಯುವ ಮೊದಲೇ ಏನೋ ಪೆಟ್ಟಿಗೆಗೆ ಠಣ್ ಎಂದು ಬಡಿಯಿತು. ಮುಳ್ಳಿನ ಬಾಲದ ಮೀನೇ ಬಂತೆಂದು ಅವನು ಚೀರಿದ. ಅದು ಐಸ್ ಎಳೆಯುವ ಕೊಕ್ಕೆ. ನೀರಿನಲ್ಲಿ ತೇಲಿ ಬರುತ್ತಿದ್ದ ತನ್ನ ನೀಲಿ ಪೆಟ್ಟಿಗೆಯನ್ನು ಧಕ್ಕೆಯಿಂದ ಗುರುತಿಸಿ ಓಡಿ ಬಂದ ಐಸ್ ಅಕ್ಕ, ತೊಡೆಮಟ್ಟದ ಕೆಸರಿನಲ್ಲಿ ನಿಂತು, ಹಗ್ಗಕ್ಕೆ ಕೊಕ್ಕೆ ಸಿಕ್ಕಿಸಿ, ಇಬ್ಬರನ್ನೂ ಐಸ್ ಗಡ್ಡೆ ಎಳೆದಂತೆ ಎಳೆದು ಹಾಕಿದಳು.

ಕಾರ್ಖಾನೆಯ ಬಾಗಿಲಲ್ಲಿ ಗೋಣಿಚೀಲ ಹೊದ್ದು ಇಬ್ಬರೂ ಬಿಸಿ ಚಹಾ ಹಿಡಿದು ಕೂತರು. ಐಸ್ ಅಕ್ಕನಿಗೂ ಹೆದರಿಕೆಯಾಗಿತ್ತು, ಅದಕ್ಕೇ ಜೋರಾಗಿ ಬಯ್ಯುತ್ತಿದ್ದಳು.

“ನೀರು ತಿರುಗೋ ಮೊದಲು ಬನ್ನಿ ಅಂತ ಬಾಯಿ ಬಡ್ಕೊಂಡೆನಲ್ಲ! ಗೊತ್ತು ಅಂದ್ರಲ್ಲ!”

“ಬಣ್ಣ ತಿರುಗಿರಲಿಲ್ಲ ಅಕ್ಕ...”

“ಬಣ್ಣಾನಾ? ಯಾವ ಬಣ್ಣ?”

ಅವನು ಕೆರೆಯ ಸಂಗತಿ ಹೇಳಿದ. ಕೇಳುತ್ತಾ ಕೇಳುತ್ತಾ ಐಸ್ ಅಕ್ಕ ಅಲ್ಲೇ ಒಂದು ಐಸ್ ಗಡ್ಡೆಯ ಮೇಲೆ ಕುಸಿದು ಕೂತಳು, ತಣ್ಣಗಾದದ್ದೂ ಅವಳಿಗೆ ತಿಳಿಯಲಿಲ್ಲ. “ಅಯ್ಯೋ, ಅದು ಯಾರಿಗೆ ಗೊತ್ತಿರಲ್ಲ ಅಂತ ನಾನು... ಬಿಡಿಸಿ ಹೇಳಬೇಕಿತ್ತು,” ಎಂದಳು.

ಹೆಂಡತಿ ಗಂಡನ ಕಡೆ ತಿರುಗಿದಳು. ಬಯ್ಯಲಿಲ್ಲ. ಬಯ್ದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

“ನಿಮಗೆ ಹೆದರಿಕೆ ಅಂತ ನನಗೆ ಮೊದಲ ದಿನವೇ ಗೊತ್ತಿತ್ತು. ಅದರ ಬಗ್ಗೆ ನನಗೇನಿಲ್ಲ. ಆದರೆ ನೀರಿನ ವಿಷಯ ನಿಮಗೆ ಗೊತ್ತು ಅಂತ ನಂಬಿದ್ದೆ. ಗೊತ್ತಿಲ್ಲ ಅಂತ ಒಂದು ಮಾತು ಹೇಳಿದ್ರೆ ನಾನು ಅಲ್ಲಿಗೆ ಕಾಲಿಡ್ತಾನೇ ಇರಲಿಲ್ಲ.”

ಅವನು ಲೋಟ ಕೆಳಗಿಟ್ಟ. ಉಪ್ಪುನೀರು ಒಣಗಿ ಮೀಸೆ ಬಿಳಿಯಾಗಿತ್ತು. ಆಮೇಲೆ ತಲೆ ಎತ್ತದೆಯೇ ಕೇಳಿದ: “ಅಕ್ಕ, ನೀರು ತಿರುಗೋದು... ಹಾಗಂದ್ರೆ ಏನು?”

ಐಸ್ ಅಕ್ಕ ಹೇಳಿದಳು, ಈ ಸಲ ಮಾತು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಿಲ್ಲ. ಇಳಿದ ನೀರು ಸ್ವಲ್ಪ ಹೊತ್ತು ನಿಂತು, ಸಮುದ್ರದಿಂದ ಒಳಮುಖವಾಗಿ ಹರಿಯಲು ಶುರು ಮಾಡುವ ಗಳಿಗೆ. ಅದು ಮೊದಲು ತುಂಬುವುದು ನಿಮ್ಮ ಮುಂದಿನ ಜಾಗವನ್ನಲ್ಲ, ಬೆನ್ನ ಹಿಂದಿನ ತಗ್ಗನ್ನು ಎಂದಳು.

ಆ ‘ಹಾಗಂದ್ರೆ’ ಎಂಬ ಮಾತು ಅಂದು ಅವನ ಬಾಯಿಗೆ ಹತ್ತಿದ್ದು ಬಿಡಲಿಲ್ಲ. ಧಕ್ಕೆಯಲ್ಲಿ ಯಾರು ಏನೇ ಹೇಳಲಿ, ಗಾಳಿ ಮುರಿಯಿತು ಎನ್ನಲಿ, ಮೋಡ ಕೂತಿತು ಎನ್ನಲಿ, ಇವನದು ಒಂದೇ: ಹಾಗಂದ್ರೆ? ಕೇಳಿ ಕೇಳಿ ಸಾಕಾದ ಜನ ಅವನಿಗೆ ಅದನ್ನೇ ಹೆಸರಾಗಿ ಇಟ್ಟರು. ಕೆರೆಯ ಊರಿನ ‘ಬಾಸ್’ ಇಲ್ಲಿ ‘ಹಾಗಂದ್ರೆ ಅಣ್ಣ’ ಆದ. ಕರೆದರೆ ಓಗೊಡುತ್ತಾನೆ, ಮೀಸೆಗೇನೂ ನೋವಾದಂತೆ ಕಾಣುವುದಿಲ್ಲ.

ಭಯ ಹೋಯಿತೇ ಎಂದರೆ, ಇಲ್ಲ. ಕಿಟಕಿಯ ಪರದೆ ಈಗಲೂ ಅರ್ಧವೇ ತೆರೆದಿರುತ್ತದೆ. ಆದರೂ ಭಾನುವಾರ ಇಬ್ಬರೂ ಧಕ್ಕೆಗೆ ಹೋಗುತ್ತಾರೆ. ಅವನು ನೀರಿಗೆ ಮುಖ ಮಾಡಿ, ಹೊಸದಾಗಿ ಕೊಂಡ ಕೋಲಿನಿಂದ ಗಾಳ ಹಾಕುತ್ತಾನೆ. ಅವಳು ಅವನ ಬೆನ್ನಿಗೆ ಬೆನ್ನು ಕೊಟ್ಟು, ಮೆಟ್ಟಿಲ ಕಡೆಗೆ ಮುಖ ಮಾಡಿ, ನೀಲಿ ಪೆಟ್ಟಿಗೆಯ ಮೇಲೆ ಕೂತು ಹೆಣೆಯುತ್ತಾಳೆ. ಅವನು ಆಗಾಗ “ತಿರುಗಿತಾ?” ಎಂದು ಕೇಳುತ್ತಾನೆ. ಅವಳು ಉಲ್ಲನ್ನಿನ ಒಂದು ಎಳೆ ಕತ್ತರಿಸಿ ನೀರಿಗೆ ಹಾಕಿ, ಅದು ಎತ್ತ ಹೋಗುತ್ತದೆಂದು ನೋಡಿ ಹೇಳುತ್ತಾಳೆ.

“ಊರ ಕಡೆಗೆ.”

ಅಷ್ಟೇ ಸಾಕು, ಅವನು ಗಾಳ ಸುತ್ತಲು ಶುರು ಮಾಡುತ್ತಾನೆ. ಅಕ್ಕಪಕ್ಕದವರ ಕೋಲುಗಳು ಆಗಷ್ಟೇ ಬಾಗತೊಡಗಿರುತ್ತವೆ, ಮೀನು ಕಚ್ಚಲು ಹತ್ತಿರುತ್ತದೆ. “ಹಾಗಂದ್ರೆ ಅಣ್ಣ, ಇದು ಧಕ್ಕೆ, ಮುಳುಗಲ್ಲ!” ಎಂದು ಅವರು ನಗುತ್ತಾರೆ. “ಗೊತ್ತಪ್ಪ, ಆದ್ರೂ ಹೆದರಿಕೆ ಆಗುತ್ತೆ,” ಎನ್ನುತ್ತಾನೆ ಅವನು. ಕೋಲನ್ನು ಕಂಕುಳಲ್ಲಿ ಸಿಕ್ಕಿಸಿ, ಒಂದು ಕೈಯಲ್ಲಿ ಖಾಲಿ ಪೆಟ್ಟಿಗೆ, ಇನ್ನೊಂದರಲ್ಲಿ ಹೆಂಡತಿಯ ಕೈ ಹಿಡಿದು, ಧಕ್ಕೆಯ ದಾರಿಯಲ್ಲೇ ಮನೆಗೆ ಹೋಗುತ್ತಾನೆ.